ದೊಡ್ಡ ಅನ್ನುವ ಎರಡಕ್ಷರ

ನರ್ಸುಗಳನ್ನು ಎಲ್ಲರೂ ಸಿಸ್ಟರ್ ಎನ್ನುತ್ತಾರೆ. ನಾನು ಅನ್ನುವುದಿಲ್ಲ. ಒಡಹುಟ್ಟಿದ ಅಕ್ಕ ನಾನು ಗುಂಡುಕಲ್ಲಿನ ಹಾಗೆ ಮನೆಯಲ್ಲಿ ಕೂತಿರುವಾಗ, ಬಸ್ಸಿಳಿದು ಬ್ಯಾಗು ನೇತುಹಾಕಿಕೊಂಡು ಬಂದವಳು ನನ್ನ ತಂಗಿಗೆ ಸಿಸ್ಟರ್ ಹೇಗಾಗುತ್ತಾಳೆ? ಅವಳನ್ನು ನಾನು ಮೊದಲ ದಿನದಿಂದಲೂ ನರ್ಸಮ್ಮ ಎಂದೇ ಕರೆದೆ. ಅದರಲ್ಲಿರುವ ಅಮ್ಮ ಮರ್ಯಾದೆಗೆ ಸೇರಿಸಿದ್ದಲ್ಲ, ಬಾಯಿಗೆ ತಾನಾಗಿ ಬಂದದ್ದು. ನಮ್ಮಲ್ಲಿ ಹೆಂಗಸು ಅಂತ ಕಂಡರೆ ಸಾಕು, ಹಿಂದೊಂದು ಅಮ್ಮ ಅಂಟಿಸಿಬಿಡುತ್ತೇವೆ. ಮುಂದೆ ಇದೇ ಅಮ್ಮನ ದೆಸೆಯಿಂದ ತಂಗಿಯ ಮನೆ ರಣರಂಗವಾಯಿತು.

ಮನಸ್ಸಿನ ಕಾಯಿಲೆಯವರಿರುವ ಮನೆಗಳಿಗೆ ಆಸ್ಪತ್ರೆಯವರು ಕಳಿಸುವ ನರ್ಸು ಅವಳು. ವಾರಕ್ಕೊಮ್ಮೆ ಬರುತ್ತಾಳೆ. ತಂಗಿಗೆ ಹೆರಿಗೆಯಾದ ಸ್ವಲ್ಪ ದಿನಕ್ಕೇ ತಲೆ ಕೆಟ್ಟಿತು. ತಲೆ ಕೆಟ್ಟಿತು ಅನ್ನಬಾರದಂತೆ, ಹುಷಾರು ತಪ್ಪಿತು ಅನ್ನಬೇಕಂತೆ, ಇದೂ ನರ್ಸಮ್ಮನ ಪಾಠವೇ. ಸರಿ, ಹುಷಾರು ತಪ್ಪಿತು. ಈ ಮಗು ನಂದಲ್ಲ, ಯಾರೋ ಬದಲಾಯಿಸಿದ್ದಾರೆ ಎಂದು ಹಟ ಹಿಡಿದಳು. ಹಾಲು ಕೊಡಲಿಲ್ಲ. ಒಂದು ಬೆಳಿಗ್ಗೆ ಹಸುಗೂಸನ್ನು ಟವೆಲಿನಲ್ಲಿ ಸುತ್ತಿಕೊಂಡು ಹೋಗಿ ಆಸ್ಪತ್ರೆಯ ಗೇಟಿನ ಕಾವಲುಗಾರನ ಕೈಗೆ ಕೊಟ್ಟು, "ಇದರ ಅಮ್ಮ ಹುಡುಕ್ತಾ ಇರ್ತಾಳೆ, ಕೊಟ್ಟುಬಿಡಿ" ಎಂದು ಹೇಳಿ ಬರಿಗಾಲಲ್ಲಿ ಮನೆಗೆ ನಡೆದುಬಂದಿದ್ದಳು. ಆ ಕಾವಲುಗಾರ ಒಳ್ಳೆಯವನಾಗಿದ್ದಕ್ಕೆ ಗುಬ್ಬಿ ನಮಗೆ ಉಳಿಯಿತು. ಗುಬ್ಬಿ ಅಂದರೆ ಆ ಮಗು, ಹೆಸರಿಡುವ ಮೊದಲೇ ನಾನಿಟ್ಟ ಹೆಸರು.

ತಂಗಿಯ ಗಂಡ ಲಾರಿ ಡ್ರೈವರ್. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ನನ್ನದು ಬಟ್ಟೆ ಹೊಲಿಯುವ ಕೆಲಸ. ಮೆಷಿನ್ನನ್ನೇ ಆಟೋದಲ್ಲಿ ಹೇರಿಸಿಕೊಂಡು ಅವರ ಎರಡನೇ ಮಹಡಿಯ ಮನೆಗೆ ಬಂದು ಕಿಟಕಿಯ ಪಕ್ಕ ಇಟ್ಟುಕೊಂಡೆ. ತಂಗಿ ಆಸ್ಪತ್ರೆಯಲ್ಲಿದ್ದಷ್ಟು ದಿನ ಗುಬ್ಬಿಗೆ ಬಾಟಲಿ ಹಾಲು ಕುಡಿಸಿದವಳು ನಾನು, ಹಲ್ಲು ಬರುವಾಗ ಅದರ ಜೊತೆ ಕೂತು ರಾತ್ರಿಯೆಲ್ಲ ಎಚ್ಚರವಿದ್ದವಳು ನಾನು, ಮೊದಲ ಹೆಜ್ಜೆ ಇಟ್ಟಿದ್ದು ನನ್ನ ಮೆಷಿನ್ನಿನ ಕಾಲು ಹಿಡಿದುಕೊಂಡು. ನನಗೆ ಮಕ್ಕಳಿಲ್ಲ. ಆ ವಿಷಯಕ್ಕೂ ಇದಕ್ಕೂ ಸಂಬಂಧ ಕಟ್ಟುವವರ ಬಾಯಿಗಿಷ್ಟು ಮಣ್ಣು ಬೀಳಲಿ.

ಒಂದು ವರ್ಷ ಆಸ್ಪತ್ರೆಗೆ ಹೋಗುವುದು ಬರುವುದು ನಡೆದ ಮೇಲೆ ತಂಗಿ ಚೇತರಿಸಿಕೊಂಡು ಮನೆಗೆ ಬಂದಳು, ಅವಳ ಬೆನ್ನಿಗೇ ನರ್ಸಮ್ಮನೂ ಬಂದಳು. ನರ್ಸಮ್ಮನ ಕೆಲಸವೇನೆಂದರೆ ತಂಗಿಯ ಕೈಗೆ ಮಗುವನ್ನು ಒಪ್ಪಿಸಿ ನನ್ನನ್ನು ನಾನು ಮೊದಲಿದ್ದ ಬಾಡಿಗೆ ರೂಮಿಗೆ ಸಾಗಹಾಕುವುದು. ಅವಳು ಹಾಗೆ ಬಾಯಿಬಿಟ್ಟು ಹೇಳಲಿಲ್ಲ. "ನಿಧಾನಕ್ಕೆ ಜವಾಬ್ದಾರಿ ಅವರಿಗೇ ಬರಲಿ" ಎಂದಳು. ನನಗೆ ಅರ್ಥವಾಗದೆ ಇರುವಷ್ಟು ನಾನೇನು ಪೆದ್ದಿಯಲ್ಲ.

ಅವಳ ಒಂದೊಂದು ಪದ್ಧತಿಯೂ ನನ್ನ ಮೈ ಉರಿಸುತ್ತಿತ್ತು. ಬಾಗಿಲು ತೆಗೆಯುವವಳು ನಾನು. ಅವಳು ನನ್ನ ಹೆಗಲ ಮೇಲಿಂದ ಕತ್ತು ಚಾಚಿ, ಒಳಗಿದ್ದ ತಂಗಿಯನ್ನು "ಒಳಗೆ ಬರಲಾ?" ಎಂದು ಕೇಳುತ್ತಿದ್ದಳು. ತಂಗಿ ಬನ್ನಿ ಅನ್ನುವವರೆಗೂ ಹೊರಗೇ ನಿಲ್ಲುತ್ತಿದ್ದಳು, ನಾನು ಬಾಗಿಲಿಗೆ ಹಾಕಿದ ಪರದೆಯೋ ಎಂಬಂತೆ. ಕುರ್ಚಿ ಹಾಕಿದರೆ ಕೂರುತ್ತಿರಲಿಲ್ಲ, ತಂಗಿ ನೆಲದ ಮೇಲೆ ಕೂತರೆ ಅವಳೂ ನೆಲಕ್ಕೇ. ನಿದ್ದೆ ಹೇಗಿದೆ ಎಂದು ಅವಳು ಕೇಳಿದಾಗ ನಾನು ಉತ್ತರ ಹೇಳಿದರೆ ತಿರುಗಿಯೂ ನೋಡುತ್ತಿರಲಿಲ್ಲ.

"ಅವರನ್ನ ಕೇಳಿದ್ದು, ಅಕ್ಕ."

"ನಾನು ನಿಮಗೆ ಅಕ್ಕ ಅಲ್ಲ. ಅವಳಿಗೆ ನೆನಪಿರಲ್ಲ, ಅದಕ್ಕೆ ಹೇಳ್ತಿದೀನಿ."

"ಮರೆತರೆ ಮರೆತೆ ಅಂತ ಅವರೇ ಹೇಳಲಿ."

ತಂಗಿ ಗೋಡೆ ನೋಡುತ್ತಾ ಕೂರುತ್ತಿದ್ದಳು. ನರ್ಸಮ್ಮನೂ ಬಾಯಿಗೆ ಬೀಗ ಹಾಕಿಕೊಂಡು ಅದೇ ಗೋಡೆ ನೋಡುತ್ತಾ ಕಾಯುತ್ತಿದ್ದಳು. ಇದಕ್ಕೆ ಸಂಬಳ. ಗೋಡೆ ನೋಡುವ ಕೆಲಸ ಸಿಗುತ್ತದೆ ಎಂದು ಗೊತ್ತಿದ್ದರೆ ನಾನು ಹೊಲಿಗೆ ಕಲಿಯುತ್ತಲೇ ಇರಲಿಲ್ಲ. ಕೊನೆಗೆ ತಂಗಿ ಹೇಳುತ್ತಿದ್ದಳು, ನಿಜ, ಹೇಳುತ್ತಿದ್ದಳು. ಮಧ್ಯಾಹ್ನ ಮಲಗಿದರೆ ಏಳೋಕೆ ಆಗಲ್ಲ, ಕೈ ನಡುಗುತ್ತೆ, ಮಗೂನ ಎತ್ತಿಕೊಂಡರೆ ಎಲ್ಲಿ ಕೈ ಜಾರುತ್ತೋ ಅಂತ ಭಯ. ನನಗೆ ಎಂದೂ ಹೇಳದ ಮಾತು. ನಾನು ಮೆಷಿನ್ ಜೋರಾಗಿ ತುಳಿಯುತ್ತಿದ್ದೆ.

ಗುಬ್ಬಿಯನ್ನು ಮಾತ್ರ ಅವಳಿಗೆ ತೋರಿಸುತ್ತಿರಲಿಲ್ಲ. ಅವಳು ಬರುವ ಹೊತ್ತಿಗೆ ಮಗುವನ್ನು ಪಕ್ಕದ ಮನೆಯ ಮುದುಕಿಯ ಹತ್ತಿರ ಬಿಟ್ಟುಬರುತ್ತಿದ್ದೆ. ಮಗು ಎಲ್ಲಿ ಎಂದರೆ ಮಲಗಿದೆ, ಇಂಜೆಕ್ಷನ್ ಕಂಡರೆ ಹೆದರುತ್ತೆ, ಏನೋ ಒಂದು ಹೇಳುತ್ತಿದ್ದೆ. ತಿಂಗಳಿಗೊಮ್ಮೆ ತಂಗಿಗೆ ಇಂಜೆಕ್ಷನ್ ಕೊಡುತ್ತಿದ್ದುದು ನಿಜವೇ, ಆದ್ದರಿಂದ ಸುಳ್ಳೂ ಅಲ್ಲ.

ಒಂದು ಸಲ ಡ್ರೈವರ್ ಮನೆಯಲ್ಲಿದ್ದಾಗ ನರ್ಸಮ್ಮ ನಮ್ಮ ಮೂವರನ್ನೂ ಕೂರಿಸಿಕೊಂಡಳು. ಕಾಯಿಲೆ ಮರಳಿ ಬರುವಾಗ ಏಕಾಏಕಿ ಬರುವುದಿಲ್ಲ, ಮೊದಲು ಬಾಗಿಲು ತಟ್ಟುತ್ತದೆ, ಒಬ್ಬೊಬ್ಬರಿಗೆ ಒಂದೊಂದು ಗುರುತು ಎಂದು ವಿವರಿಸಿದಳು. ತಂಗಿಗೆ ಯಾವುದಿರಬಹುದು ಎಂದು ತಂಗಿಯನ್ನೇ ಕೇಳಿದಳು. ತಂಗಿ ತಲೆ ತಗ್ಗಿಸಿಕೊಂಡು, "ಮಗು ನಂದಲ್ಲ ಅನ್ಸೋದು" ಎಂದಳು.

"ಸರಿ. ಈ ಮಾತು ಬಾಯಲ್ಲಿ ಬಂದ ತಕ್ಷಣ ನನಗೆ ಫೋನ್ ಮಾಡಿ. ಅವತ್ತೇ ಬರ್ತೀನಿ. ಬೇಗ ಗೊತ್ತಾದ್ರೆ ಬೇಗ ವಾಸಿ" ಎಂದು ನರ್ಸಮ್ಮ ಡ್ರೈವರ್‌ಗೂ ನನಗೂ ನಂಬರ್ ಕೊಟ್ಟಳು. ಆ ಮಾತು ಮತ್ತೆ ಬಂದರೆ ಏನಾಗುತ್ತದೆಂದು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ತಂಗಿ ಮತ್ತೆ ಆಸ್ಪತ್ರೆಗೆ, ಗುಬ್ಬಿ ನನ್ನ ಹತ್ತಿರ.

ಅಷ್ಟರಲ್ಲಿ ಗುಬ್ಬಿಗೆ ಮಾತು ಬಂದಿತ್ತು. ಅಮ್ಮನ ಅಕ್ಕ ಏನಾಗುತ್ತಾಳೆ? ದೊಡ್ಡಮ್ಮ. ನಾನೂ ದೊಡ್ಡಮ್ಮ ಅಂತಲೇ ಹೇಳಿಕೊಟ್ಟಿದ್ದು, ದೊಡ್ಡಮ್ಮ ಬಂದ್ಳು, ದೊಡ್ಡಮ್ಮ ಕೊಡ್ತಾಳೆ ಅಂತಲೇ ಮಾತಾಡಿದ್ದು. ಆ ಪುಟ್ಟ ನಾಲಿಗೆಗೆ 'ದೊಡ್ಡ' ಹೊರಲಾರದ ಭಾರ. ಅದನ್ನು ಕೆಳಗೆ ಹಾಕಿ ಅಮ್ಮ ಒಂದನ್ನು ಇಟ್ಟುಕೊಂಡಿತು. ಹಸಿವಾದರೆ ಅಮ್ಮ, ನಿದ್ದೆ ಬಂದರೆ ಅಮ್ಮ, ಬಿದ್ದರೆ ಅಮ್ಮ, ಎಲ್ಲಕ್ಕೂ ನಾನು ಓ ಅಂದೆ. ಹೆತ್ತವಳನ್ನು ಅದು ಏನೂ ಕರೆಯುತ್ತಿರಲಿಲ್ಲ. ಬೇಕಾದರೆ ಹೋಗಿ ಬಟ್ಟೆ ಎಳೆಯುತ್ತಿತ್ತು, ಬೇಡವಾದರೆ ಬಿಡುತ್ತಿತ್ತು. ನಾಲಿಗೆ ತಿರುಗಿದ ಮೇಲೆ ತಾನಾಗಿ ಸರಿಹೋಗುತ್ತದೆ ಎಂದುಕೊಂಡೆ. ನಾಲಿಗೆ ನಿಧಾನವಾಗಿ ತಿರುಗಲಿ ಎಂದುಕೊಂಡಿದ್ದರೂ ಇರಬಹುದು, ಅದರಲ್ಲಿ ಯಾರ ಗಂಟು ಹೋಯಿತು?

ಹೀಗಿರುವಾಗ ಒಂದು ದಿನ ತಂಗಿ ತಾನೇ ಗುಬ್ಬಿಗೆ ಸ್ನಾನ ಮಾಡಿಸುತ್ತೇನೆ ಎಂದಳು. ನರ್ಸಮ್ಮನ ಜವಾಬ್ದಾರಿ ಪಾಠದ ಫಲ. ನಾನು ಹಾಳಾಗಿ ಹೋಗಲಿ ಎಂದು ಬಿಟ್ಟು ಒಂದು ಅಂಗಿಯ ತೋಳು ಕೂರಿಸುತ್ತಿದ್ದೆ, ಕಿವಿಯೆಲ್ಲ ಬಚ್ಚಲ ಕಡೆಗೇ ಇತ್ತು. ಕಣ್ಣಿಗೆ ಸೋಪು ಹೋಯಿತೋ ಏನೋ, ಗುಬ್ಬಿ ಕಿಟಾರನೆ ಕಿರುಚಿ, ತಂಗಿಯ ಕೈಯಿಂದ ನುಣುಚಿಕೊಂಡು, ನೀರು ತೊಟ್ಟಿಕ್ಕುವ ಮೈಯಲ್ಲಿ ಅಮ್ಮಾ ಎಂದು ಓಡಿಬಂದು ನನ್ನ ಮಡಿಲಿಗೆ ಬಿತ್ತು. ಅಂಗಿ ಒದ್ದೆಯಾಯಿತು. ತಂಗಿ ಟವೆಲ್ ಹಿಡಿದುಕೊಂಡು ಬಚ್ಚಲ ಬಾಗಿಲಲ್ಲಿ ನಿಂತಿದ್ದಳು.

"ಈ ಮಗು ನಂದಲ್ಲ, ಅಕ್ಕ" ಎಂದಳು.

ಅದೇ ಮಾತು, ಅದೇ ತಣ್ಣನೆಯ ದನಿ, ಕೈಯಲ್ಲಿ ಟವೆಲ್ ಕೂಡ ಹಾಗೆಯೇ. ಗೇಟಿನ ಕಾವಲುಗಾರ ಕಣ್ಣ ಮುಂದೆ ಬಂದ. ಗುಬ್ಬಿಯನ್ನು ಅವುಚಿಕೊಂಡು ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡೆ, ಡ್ರೈವರ್‌ಗೆ ಫೋನ್ ಮಾಡಿದೆ, ನರ್ಸಮ್ಮನಿಗೂ ಮಾಡಿದೆ. ಭಯವಾಗಿತ್ತು, ದೇವರಾಣೆಗೂ ಭಯವಾಗಿತ್ತು. ಭಯದ ಅಡಿಯಲ್ಲಿ ಒಂದಿಷ್ಟು ಖುಷಿಯೂ ಇತ್ತು. ನಾನು ಮೊದಲೇ ಹೇಳಿರಲಿಲ್ಲವೇ ಅನ್ನುವ ಖುಷಿ. ನೋಡಲಿ ನರ್ಸಮ್ಮ ಅವಳ ಗೋಡೆಯನ್ನು.

ಅವಳು ಹೇಳಿದಂತೆಯೇ ಮಧ್ಯಾಹ್ನಕ್ಕೆಲ್ಲ ಬಂದಳು. ಮೆಟ್ಟಿಲು ಹತ್ತಿದ ಏದುಸಿರಲ್ಲೂ ಬಾಗಿಲಲ್ಲಿ ನಿಂತು ತಂಗಿಯನ್ನು ಒಳಗೆ ಬರಲಾ ಎಂದು ಕೇಳಿದಳು. ಡ್ರೈವರ್ ಆಗಲೇ ಬಂದು ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದ. ಗುಬ್ಬಿಯನ್ನು ಅವನ ಕೈಗೆ ಕೊಟ್ಟು ನಾನು ಸೊಂಟಕ್ಕೆ ಕೈಯಿಟ್ಟು ನಿಂತೆ.

"ಈಗಲೇ ಆಸ್ಪತ್ರೆಗೆ ಸೇರಿಸಿ. ಹೋದ ಸಲ ಮೀನಮೇಷ ಎಣಿಸಿದ್ದಕ್ಕೇ ಅಷ್ಟಾಗಿದ್ದು. ನಿಮ್ಮ ಕೈಲಿ ಆಗಲ್ಲ ಅಂದ್ರೆ ದೊಡ್ಡ ಡಾಕ್ಟ್ರಿಗೆ ನಾನೇ ಹೇಳ್ತೀನಿ" ಎಂದೆ.

ನರ್ಸಮ್ಮ ನನ್ನ ಮಾತನ್ನು ಎಂದಿನಂತೆ ಗಾಳಿಗೆ ತೂರಿ ತಂಗಿಯ ಎದುರು ನೆಲಕ್ಕೆ ಕೂತಳು. "ಏನು ಹೇಳಿದ್ರಿ ಬೆಳಿಗ್ಗೆ?"

"ಮಗು ನಂದಲ್ಲ ಅಂದೆ."

"ಕೇಳಿಸ್ಕೊಂಡ್ರಾ?" ಎಂದೆ ನಾನು.

"ಮತ್ತೆ ಯಾರದ್ದು?" ಎಂದಳು ನರ್ಸಮ್ಮ.

"ಅಕ್ಕಂದು."

"ಹೆತ್ತಿದ್ದು ಯಾರು?"

ತಂಗಿ ಅವಳನ್ನು ಪೆದ್ದಿಯನ್ನು ನೋಡುವ ಹಾಗೆ ನೋಡಿದಳು. "ನಾನೇ. ಅದರಲ್ಲೇನು ಅನುಮಾನ? ಯಾರೂ ಬದಲಾಯಿಸಿಲ್ಲ, ನಂಗೊತ್ತು. ಅವಾಗ ಹಾಗನ್ನಿಸಿದ್ದು ಕಾಯಿಲೆಗೆ. ಇದು ಕಾಯಿಲೆಗಲ್ಲ. ಹೆತ್ತೋಳು ನಾನು, ಮಗು ಅಕ್ಕಂದು. ನನ್ನ ಮಾತು ಬೇಡ, ಅದನ್ನೇ ಕೇಳಿ ನೋಡಿ."

ನರ್ಸಮ್ಮ ಡ್ರೈವರ್ ಕಡೆಗೆ ತಿರುಗಿದಳು. ಅವನ ತೊಡೆಯ ಮೇಲಿದ್ದ ಗುಬ್ಬಿಗೆ ಬ್ಯಾಗಿನ ಜಿಪ್ಪು ತೋರಿಸಿ ಆಟವಾಡಿಸಿ, ಅದು ನಕ್ಕ ಮೇಲೆ, "ಅಮ್ಮ ಎಲ್ಲಿ, ಪುಟ್ಟಾ?" ಎಂದು ಕೇಳಿದಳು. ನನಗೆ ಏಕೋ ಅಲ್ಲಿ ನಿಲ್ಲಬಾರದು ಅನ್ನಿಸಿತು. ಅಡಿಗೆಮನೆಯ ಬಾಗಿಲ ಹಿಂದೆ ಸರಿದೆ. ತಂಗಿ ಕೈಯಳತೆಯಲ್ಲೇ ಕೂತಿದ್ದಳು. ಗುಬ್ಬಿ ಅವಳನ್ನು ದಾಟಿ ನೋಡಿತು, ಮೆಷಿನ್ನಿನ ಕಡೆ ನೋಡಿತು, ಅಲ್ಲಿಲ್ಲ ಎಂದು ಕಂಡು ಬಾಗಿಲ ಸಂದಿಯಲ್ಲಿ ಕಾಣುತ್ತಿದ್ದ ನನ್ನ ಮೊಣಕೈಗೆ ಬೆರಳು ತೋರಿಸಿ ಅಮ್ಮ ಎಂದಿತು. ಎಂದು ಕೈ ಚಾಚಿತು.

ಡ್ರೈವರ್ ಕೆಮ್ಮಿದ.

"ಇದು ಕಾಯಿಲೆ ಅಲ್ಲ. ಕಣ್ಣಿಗೆ ಕಂಡಿದ್ದನ್ನ ಹೇಳಿದ್ದಾರೆ" ಎಂದಳು ನರ್ಸಮ್ಮ.

ನಾನು ಹೊರಗೆ ಬಂದೆ. ಬಾಯಿಗೆ ಬಂದದ್ದೆಲ್ಲ ಆಡಿದೆ. "ತರಕಾರಿ ಮಾರೋಳಿಗೂ ಅಮ್ಮ ಅಂತೀವಿ, ಬಸ್ಸಲ್ಲಿ ಕಾಲು ತುಳಿದೋಳಿಗೂ ನೋಡ್ಕೊಂಡು ನಡಿಯಮ್ಮ ಅಂತೀವಿ, ನಿಮ್ಮನ್ನೇ ನಾನು ನರ್ಸಮ್ಮ ಅಂತ ಕರೀತಿಲ್ವಾ, ನೀವೇನು ನನ್ನನ್ನ ಹೆತ್ರಾ? ನಾಲಿಗೆ ತಿರುಗದ ಕೂಸು, ದೊಡ್ಡಮ್ಮ ಅನ್ನೋಕೆ ಬರಲ್ಲ, ಅದಕ್ಕೂ ಕೋರ್ಟು ಕೂರಿಸ್ತೀರಲ್ಲ. ಈ ಮಾತು ಬಂದ್ರೆ ಫೋನ್ ಮಾಡಿ ಅಂದೋರು ಯಾರು? ನಾನಾ?"

"ನಾನೇ. ಮಾತು ಅದೇ ಇದ್ರೂ ಅರ್ಥ ಬೇರೆ ಇರಬಹುದು, ಮೊದಲು ಯಾಕೆ ಅಂತ ಕೇಳಿ ಅಂತ ನಾನು ಹೇಳಿಕೊಡಲಿಲ್ಲ. ಅದು ನನ್ನ ತಪ್ಪು." ಅವಳ ದನಿಯೂ ಏರಿತ್ತು. ಇಷ್ಟು ದಿನ ತಣ್ಣಗಿದ್ದವಳ ಕಿವಿ ಕೆಂಪಾಗಿತ್ತು. "ಆದ್ರೆ ಪ್ರತಿ ವಾರ ಮಗೂನ ಎಲ್ಲಿ ಬಚ್ಚಿಡ್ತಿದ್ರಿ ನೀವು? ಒಂದೇ ಒಂದು ಸಲ ನನ್ನ ಕಣ್ಣಿಗೆ ಬಿದ್ದಿದ್ರೆ ಅವತ್ತೇ ಗೊತ್ತಾಗ್ತಿತ್ತು."

"ನನ್ನ ಮಗೂನ ನಾನು ಎಲ್ಲಿ ಬೇಕಾದ್ರೂ ಬಿಡ್ತೀನಿ."

ಮಾತು ಬಾಯಿಂದ ಜಾರಿದ ಮೇಲೆ ಗೊತ್ತಾಯಿತು. ತಂಗಿ ಎದ್ದು ನಿಂತಳು. ಕಾಯಿಲೆ ಬಂದ ಮೇಲೆ ಅವಳು ನನ್ನ ಮುಖಕ್ಕೆ ಮುಖ ಕೊಟ್ಟು ನಿಂತದ್ದು ಅದೇ ಮೊದಲು.

"ಒಂದ್ಸಲ ಹುಚ್ಚಿ ಅಂತ ಆದ ಮೇಲೆ ನಾನು ನಿಜ ಹೇಳಿದ್ರೂ ನನಗೆ ಇಂಜೆಕ್ಷನ್ನೇ, ಅಲ್ವಾ ಅಕ್ಕ?" ಎಂದಳು. "ನೀನು ಮಾಡಿದ್ದನ್ನ ನಾನು ಮರೆತಿಲ್ಲ. ನೀನಿಲ್ದಿದ್ರೆ ಅದು ಬದುಕ್ತಾನೂ ಇರ್ಲಿಲ್ಲ. ಅದಕ್ಕೇ ಇಷ್ಟು ದಿನ ಬಾಯಿ ಮುಚ್ಕೊಂಡಿದ್ದೆ. ಇನ್ನು ಆಗಲ್ಲ. ನನಗೆ ಹೊಟ್ಟೆ ಉರಿಯುತ್ತೆ. ನೀನು ಓ ಅಂದಾಗೆಲ್ಲ ನಿನ್ನ ಕಂಡ್ರೆ ಆಗಲ್ಲ ನನಗೆ."

ನನಗೂ ಅವಳನ್ನು ಕಂಡರೆ ಆಗುತ್ತಿರಲಿಲ್ಲ, ಆ ಗಳಿಗೆಯಲ್ಲಿ. ಇಷ್ಟೆಲ್ಲ ಮಾಡಿ ಇದನ್ನು ಕೇಳಿಸಿಕೊಳ್ಳಬೇಕಾಯಿತಲ್ಲ. ಕತ್ತರಿ, ಟೇಪು, ದಾರದ ಉಂಡೆಗಳನ್ನು ಚೀಲಕ್ಕೆ ತುಂಬತೊಡಗಿದೆ. ಹೋಗುತ್ತೇನೆ, ಗೋಡೆ ನೋಡಿಕೊಂಡು ಮಗು ಸಾಕಿಕೊಳ್ಳಿ ಎಂದೆ.

"ಹೋಗ್ಬೇಡಿ" ಎಂದವಳು ನರ್ಸಮ್ಮ. ನನಗೆ ಕಿವಿಯನ್ನೇ ನಂಬಲಾಗಲಿಲ್ಲ. "ನೀವು ಎದ್ದು ಹೋದ್ರೆ ಮಗುವಿಗೆ ಇದ್ದ ಒಂದು ಆಸರೇನೂ ಹೋಗುತ್ತೆ. ಇಲ್ಲೇ ಇರಿ. ಅದು ಅಮ್ಮ ಅಂದಾಗ ನೀವು ಓಗೊಡಬೇಡಿ. ಅಷ್ಟೇ ನಾನು ಕೇಳೋದು."

"ಅಷ್ಟೇ ಅಂತೆ. ಮಗು ಬಿದ್ದು ಅಳ್ತಿದ್ರೆ?"

"ಅಮ್ಮ ಬರ್ತಾರೆ."

"ಬರದಿದ್ರೆ?"

"ಬರೋವರೆಗೂ ಮೆಷಿನ್ ತುಳೀತಿರಿ."

"ನಿಮ್ಮ ಹೊಟ್ಟೇಲಿ ಏನಿದೆ, ಕಲ್ಲಾ?"

ಡ್ರೈವರ್ ಎದ್ದು ಬಂದು, "ಅತ್ತಿಗೆ, ನಿಮಗೆ ಕೈ ಮುಗೀತೀನಿ" ಎಂದ. ಲಾರಿಯೊಂದನ್ನು ಬಿಟ್ಟು ಬೇರಾವುದಕ್ಕೂ ಬಾಯಿ ಬಿಡದ ಗಂಡಸು. ನಾನು ಚೀಲವನ್ನು ಅಲ್ಲೇ ಕುಕ್ಕಿದೆ. ಒಪ್ಪಿದೆ ಎಂದು ಹೇಳಲಿಲ್ಲ.

ಮುಂದಿನ ವಾರ ನರ್ಸಮ್ಮ ಬಂದಾಗ ಗುಬ್ಬಿ ಮನೆಯಲ್ಲೇ ಇತ್ತು. ಅಷ್ಟು ದಿನ ನಾನು ಹೇಗೋ ತಪ್ಪಿಸಿಕೊಂಡಿದ್ದೆ. ಅಮ್ಮ ಅಂದರೆ ಕೆಮ್ಮುವುದು, ಕಿಟಕಿ ನೋಡುವುದು, ತಾನಾಗಿ ಬಂದು ತೊಡೆಗೆ ಒರಗಿದರೆ ಓ ಅನ್ನದೆಯೇ ತಲೆ ಸವರುವುದು. ಅವತ್ತು ತಂಗಿ ಪಾತ್ರೆ ತೊಳೆಯುತ್ತಿದ್ದಳು, ನರ್ಸಮ್ಮ ನೆಲದ ಮೇಲೆ ಕೂತು ಮಾತ್ರೆಯ ಡಬ್ಬಿ ನೋಡುತ್ತಿದ್ದಳು. ಗುಬ್ಬಿ ಬೀರುವಿನ ಬಾಗಿಲನ್ನು ತೆಗೆದು ಹಾಕಿ ಆಡುತ್ತಿತ್ತು. ಬೆರಳು ಸಿಕ್ಕಿಕೊಂಡಿತು.

ಆ ಕೂಗು ಈಗಲೂ ನನ್ನ ಕಿವಿಯಲ್ಲಿದೆ. ಅಮ್ಮಾ ಎಂದು ಕೂಗುತ್ತಾ ಬೆರಳನ್ನು ಎತ್ತಿ ಹಿಡಿದುಕೊಂಡು ನನ್ನ ಕಡೆಗೇ ಬಂತು. ನಾನು ಮೆಷಿನ್ ತುಳಿದೆ. ಮೊಣಕಾಲು ಹಿಡಿದುಕೊಂಡು ಮೇಲೆ ನೋಡಿ ಮತ್ತೆ ಅಮ್ಮಾ ಎಂದಿತು. ತುಳಿದೆ. ಬಾಬಿನ್‌ನಲ್ಲಿ ದಾರ ಮುಗಿದುಹೋಗಿತ್ತು, ಸೂಜಿ ಬಟ್ಟೆಯಲ್ಲಿ ಬರೀ ತೂತು ಕೊರೆಯುತ್ತಾ ಹೋಗುತ್ತಿತ್ತು, ಆದರೂ ತುಳಿದೆ. ನನ್ನ ಜನ್ಮದಲ್ಲಿ ಯಾರನ್ನೂ ಆ ನರ್ಸನ್ನು ದ್ವೇಷಿಸಿದಷ್ಟು ದ್ವೇಷಿಸಿಲ್ಲ. ಅವಳು ಮಾತ್ರೆಯ ಡಬ್ಬಿಯನ್ನು ಮುಷ್ಟಿಯಲ್ಲಿ ಹಿಡಿದು ಕೂತೇ ಇದ್ದಳು. ತಂಗಿ ನಲ್ಲಿಯ ಹತ್ತಿರ ನಿಂತೇ ಇದ್ದಳು, ಕೈಯಿಂದ ನೊರೆ ಇಳಿಯುತ್ತಿತ್ತು. ಬಾರೇ, ನಿನಗೇನು ಬಂದಿದೆ, ಬಾರೇ ಎಂದು ನಾನು ಒಳಗೊಳಗೇ ಹಲ್ಲು ಕಡಿದೆ. ಅವಳು ಬರಲಿ ಎಂದು ನಾನು ಬಯಸಿದ್ದು ಅದೇ ಮೊದಲು.

ಬಂದಳು. ಒದ್ದೆ ಕೈಯಲ್ಲೇ ಮಗುವನ್ನು ಎತ್ತಿಕೊಂಡಳು. ಗುಬ್ಬಿ ಬಿಲ್ಲಿನ ಹಾಗೆ ಹಿಂದಕ್ಕೆ ಬಾಗಿ ಒದೆಯಿತು, ನನ್ನ ಕಡೆ ಕೈ ಚಾಚಿ ಅತ್ತಿತು, ಆಮೇಲೆ ಸಿಟ್ಟಿಗೆ ತಂಗಿಯ ಭುಜವನ್ನು ಕಚ್ಚಿಹಿಡಿಯಿತು. ತಂಗಿಯ ಕೈ ನಡುಗುತ್ತಿತ್ತು. ಬಿಡಲಿಲ್ಲ.

"ಕಚ್ಚು, ಪರವಾಗಿಲ್ಲ, ಕಚ್ಚು" ಎಂದಳು. "ಅಮ್ಮ ಇಲ್ಲೇ ಇದ್ದೀನಿ. ಅಮ್ಮಂಗೇ ಕಚ್ಚು."

ಅವಳು ತನ್ನನ್ನು ತಾನು ಅಮ್ಮ ಎಂದು ಕರೆದುಕೊಂಡದ್ದನ್ನು ನಾನು ಅಲ್ಲಿಯವರೆಗೆ ಕೇಳಿರಲಿಲ್ಲ. ಬೆರಳನ್ನು ನಲ್ಲಿಯ ನೀರಿಗೆ ಹಿಡಿದಳು, ಊದಿದಳು, ಕೋಣೆಯ ಉದ್ದಕ್ಕೂ ಹೆಗಲಿಗೆ ಹಾಕಿಕೊಂಡು ತಿರುಗಿದಳು. ಎಷ್ಟೋ ಹೊತ್ತಿನ ಮೇಲೆ ಬಿಕ್ಕು ನಿಂತಿತು. ನರ್ಸಮ್ಮ ಹೋಗುವಾಗ ನನ್ನ ಮೆಷಿನ್ನಿನ ಹತ್ತಿರ ಒಂದು ಗಳಿಗೆ ನಿಂತಳು. ಏನೋ ಹೇಳುವವಳಿದ್ದಳು.

"ಬಾಗಿಲು ಹಾಕ್ಕೊಂಡು ಹೋಗಿ" ಎಂದೆ.

ಹಾಕಿಕೊಂಡು ಹೋದಳು. ಈಗಲೂ ಬರುತ್ತಾಳೆ. ಈಗಲೂ ನನಗೆ ಆಗುವುದಿಲ್ಲ, ಟೀ ಕೂಡ ತಂಗಿಯೇ ಕೊಡಬೇಕು.

ಮೊನ್ನೆ ತಂಗಿ ಗುಬ್ಬಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ನನ್ನ ಹತ್ತಿರ ಬಂದಳು. ಕೈ ಅಷ್ಟಾಗಿ ನಡುಗುತ್ತಿರಲಿಲ್ಲ. "ಇದು ಯಾರು ಹೇಳು? ದೊಡ್ಡಮ್ಮ" ಎಂದಳು. ಅವಳು ಪಾಪ ಒಳ್ಳೆಯ ಮನಸ್ಸಿನಿಂದಲೇ ಹೇಳಿಕೊಡುತ್ತಿದ್ದಳು.

ಗುಬ್ಬಿ ತುಟಿ ಮುಂದೆ ಮಾಡಿ ಯೋಚಿಸಿತು. ನಾಲಿಗೆ ತಿರುಗುವ ಕಾಲ ಬಂದಿತ್ತು. "ದೊದ್ದ" ಎಂದಿತು.

"ಜಾಣೆ. ದೊಡ್ಡ, ಆಮೇಲೆ? ಅಮ್ಮ. ಹೇಳು, ಅಮ್ಮ."

"ಅಮ್ಮ" ಎಂದಿತು ಗುಬ್ಬಿ, ತಿರುಗಿ ತಂಗಿಯ ಕೆನ್ನೆಯ ಮೇಲೆ ಅಂಗೈ ಇಟ್ಟು. ತಂಗಿ ಉಸಿರು ಹಿಡಿದು ನಿಂತಳು. ಮಗು ನನ್ನ ಕಡೆ ನೋಡಿ, ಹಂಚಿ ಮುಗಿಸಿದ ಮೇಲೆ ಉಳಿದಿದ್ದನ್ನು ಕೊಡುವಂತೆ, ಕೈ ಚಾಚಿತು.

"ದೊದ್ದ."

ಮೆಷಿನ್ ನಿಲ್ಲಿಸಿದೆ. ಓ ಅಂದೆ.